ಹೆಸರಿಲ್ಲದ ಕೂಸಿಗೊಂದು ಏಟು

"ಗೌಡ್ರ ಹುಕುಂ ಇಲ್ದ ನಮ್ಮ ಮನಿ ಹಲಗಿ ಬಾರಸಂಗಿಲ್ರಿ."

ಗೌಡರ ಹೊಲದ ಅಂಚಿನಲ್ಲಿ ಜೋಪಡಿ ಹಾಕಿಕೊಳ್ಳಲು ಜಾಗ ಸಿಕ್ಕ ದಿನ ಮೌನಪ್ಪನ ಅಪ್ಪ ಹೀಗೆ ಮಾತು ಕೊಟ್ಟಿದ್ದ. ಅಪ್ಪ ಸತ್ತ. ಮಾತು ಹಲಗೆಯ ಜೊತೆ ಮಗನ ಹೆಗಲೇರಿತು.

"ನೆನಪ ಅದನಲೇ, ಭಾಡ್ಯಾ?"

ಮೊಹರಮ್ಮಿನ ಹತ್ತನೇ ದಿನ, ಮಟಮಟ ಮಧ್ಯಾಹ್ನ. ಮೊಹರಮ್ಮಿಗೆ ಬೆಂಕಿ ಹಾಕುವ ಅಲಾಯಿ ಕುಣಿಯ ಕಟ್ಟೆಯ ಮೇಲೆ ಕುಳಿತ ಭಗವಂತರಾಯಗೌಡ ಊರಿಗೇ ಕೇಳುವಂತೆ ಕೂಗಿದ.

"ಅದರಿ ಗೌಡ್ರ."

"ನಿನ್ನ ಮಗಳು ಯಾದಗಿರ್ಯಾಗ ಬೋರ್ಡ್ ಹಿಡ್ಕೊಂಡು ನಿಂತಿದ್ಲು. ಪೊಲೀಸ್ರು ಕಸ್ಕೊಂಡು ಕಳಿಸ್ಯಾರ. ಈಗ ಇಲ್ಲಿ ಹಾಡ್ತಾಳಂತ! ಗಾಜಾದಾಗ ಹುಡುಗ್ರು ಸತ್ರ ನಿನ್ನ ಕೇರಿಗಿ ಸೂತಕೇನಲೇ? ಹಲಗಿಗಿ ಕೈ ಹಚ್ಚಿ ನೋಡು. ನಾಳಿ ಹೊತ್ತೇಳೂದ್ರಾಗ ಜೋಪಡಿ ಕಿತ್ತಿ ಒಗಸ್ತೀನಿ, ಬೋಳಿಮಗನ."

ಮೌನಪ್ಪ ಹಲಗೆಯನ್ನು ನೆಲಕ್ಕಿಟ್ಟ. ಇನ್ನೂ ಬೆಂಕಿಗೆ ಹಿಡಿದಿರಲಿಲ್ಲ. ಕಾಯಿಸದ ಚರ್ಮ ಹೊಡೆದರೂ ದಬ್ ಅನ್ನುತ್ತದೆ, ಅಷ್ಟೆ.

ಪ್ರತಿ ವರ್ಷ ಇಲ್ಲಿ ಕರ್ಬಲಾದಲ್ಲಿ ನೀರಿಗೆ ಅತ್ತು ಬಾಣಕ್ಕೆ ಸತ್ತ ಕೂಸಿನ ಪದ ಹಾಡುತ್ತಿದ್ದರು. ಈ ಸಲ ಮಗಳು ಸುಮಲತಾ, ಅವಳ ಜೊತೆ ಕಾಲೇಜಿಗೆ ಹೋಗುವ ಅಲ್ಮಾಸ ಸೇರಿ ಗಾಜಾದಲ್ಲಿ ಸತ್ತ ಮಕ್ಕಳ ಹೆಸರಿನ ಹೊಸ ಪದ ಕಟ್ಟಿದ್ದರು. ಒಂದು ಹೆಸರಿಗೆ ಹಲಗೆಯ ಒಂದು ಏಟು.

"ಅಪ್ಪಾ, ಹಲಗಿ?"

"ನೀವು ಹಾಡ್ರವ್ವ. ನನ್ನ ಕೇಳಬ್ಯಾಡ್ರಿ."

"ಬಿಡ ಸುಮಿ," ಅಂದಳು ಅಲ್ಮಾಸ. "ಚಾಚಾನ ಮನಿ ಹೋಗ್ತದ."

ಹುಡುಗಿಯರು ಹಾಡಿದರು.

"ಸಲ್ಮಾ, ಏಳು ವರ್ಷ."

ಏಟು ಬೀಳಬೇಕಿದ್ದ ಜಾಗದಲ್ಲಿ ಯಾರೋ ಕೆಮ್ಮಿದರು.

"ಯೂಸುಫ್, ನಾಕು ವರ್ಷ."

"ಹಾಜರಿ ಕರಿಯಾಕತ್ತಾರ ನೋಡ್ರಲೇ!" ಗೌಡ ನಕ್ಕ. ಆಳುಗಳೂ ನಕ್ಕರು.

ಅಲ್ಮಾಸ ಕಾಗದದ ಮುಂದಿನ ಸಾಲಿನ ಮೇಲೆ ಬೆರಳಿಟ್ಟಳು. "ಇದಕ್ಕ... ಹೆಸರಿಲ್ಲ. ಹುಟ್ಟಿ ಮೂರು ದಿನ. ಹೆಸರಿಡಾಕ ಮನ್ಯಾಗ ಯಾರೂ ಉಳಿದಿಲ್ಲ."

ಯಾರೂ ಕೆಮ್ಮಲಿಲ್ಲ.

ಮೌನಪ್ಪ ಎದ್ದ. ಕಟ್ಟೆಯ ಬದಿಯಲ್ಲಿದ್ದ ಗೌಡರ ಬಣವೆಯಿಂದ ಒಂದು ಹಿಡಿ ಜೋಳದ ಕಣಿಕೆ ಎಳೆದು ಕಡ್ಡಿ ಗೀರಿದ. ಹಲಗೆಯನ್ನು ಉರಿಗೆ ಹಿಡಿದು ತಿರುಗಿಸಿದ.

"ಏ ಮೌನ್ಯಾ! ಜೋಪಡಿ!"

"ಕಿತ್ತಸ್ರಿ ಗೌಡ್ರ. ಕಣಿಕಿ ನಿಮ್ದು, ಜಾಗಾನೂ ನಿಮ್ದು. ಚರ್ಮ ನಮ್ದು."

ಹೆಬ್ಬೆರಳಿನಿಂದ ಚರ್ಮ ಮುಟ್ಟಿ ನೋಡಿದ. ಬಿಗಿದಿತ್ತು.

"ಇನ್ನೊಮ್ಮಿ ಹೇಳವ್ವ."

ಅಲ್ಮಾಸ ಹೇಳಿದಳು. ಏಟು ಬಿತ್ತು, ಮಾಳಿಗೆಗಳ ಮೇಲಿನ ಪಾರಿವಾಳ ಎದ್ದವು.

ಅಪ್ಪ ಕೊಟ್ಟ ಮಾತು ಮುರಿಯಿತು.