ಕೊನೆಯ ಸಾಲಿಗೆ ಜಾಗ

ಆಕೆ ಹಾಳೆಯನ್ನು ತಿರುಗಿಸಿ ನೋಡಿದರು. ಹಿಂಬದಿ ಖಾಲಿ. ಮತ್ತೆ ಮುಂಬದಿ: ಕಪ್ಪು ಅಂಚು, ಗಂಡನ ಫೋಟೊ, ಹುಟ್ಟಿದ್ದು, ಹೋದದ್ದು, ನಡುವೆ ಮಾಡಿದ ಕೆಲಸ. ಅಷ್ಟೇ. ಚಿತಾಗಾರದ ಹಜಾರದಲ್ಲಿ ಮಾತುಗಳೆಲ್ಲ ಮುಗಿದು, ಶವಪೆಟ್ಟಿಗೆ ಪರದೆಯ ಆಚೆ ಸರಿದು, ಜನ ಕುರ್ಚಿ ಬಿಟ್ಟು ಏಳುತ್ತಿದ್ದರು.

"ನನ್ನ ಸಾಲು ತೆಗೆಸಿಬಿಟ್ಯೇನೋ?" ಎಂದು ಪಕ್ಕದಲ್ಲಿದ್ದ ತಮ್ಮನನ್ನು ಕೇಳಿದರು.

"ಯಾವ ಸಾಲು?"

"ಕೊನೇದು. ಆಮೇಲೆ ಎಲ್ಲರೂ ಮನೆಗೆ ಬನ್ನಿ ಅಂತ ಹಾಕ್ಸು ಅಂದಿದ್ನಲ್ಲ."

ತಮ್ಮ ತನ್ನ ಹಾಳೆಯನ್ನು ಮೂಗಿನವರೆಗೆ ತಂದುಕೊಂಡ. "ನಾನ್ಯಾಕಕ್ಕ ತೆಗೆಸ್ಲಿ? ಫೋನಲ್ಲಿ ನಿಧಾನಕ್ಕೆ ಓದಿ ಹೇಳಿದೀನಿ. ಆ ಅಚ್ಚಿನಂಗಡಿಯವಳು ಬರ್ಕೊಂಡ್ಳಲ್ಲ."

ಬೆಳಿಗ್ಗೆ ಆಕೆ ಮನೆಯಲ್ಲಿ ಕುರ್ಚಿಗಳನ್ನು ಗೋಡೆಗೆ ಒರಗಿಸಿಟ್ಟು, ಪಕ್ಕದ ಮನೆಯಿಂದ ಕಪ್ಪುಗಳನ್ನು ಕೇಳಿ ತಂದು ತೊಳೆದು ಬೋರಲು ಹಾಕಿ ಬಂದಿದ್ದರು. ಬಂದ ಜನ ಅಂದುಕೊಂಡದ್ದಕ್ಕಿಂತ ಹೆಚ್ಚೇ. ಆದರೆ ಮುಕ್ಕಾಲು ಪಾಲು ಗುರುತಿಲ್ಲದ ಮುಖಗಳು. ಅವರೆಲ್ಲ ಒಬ್ಬೊಬ್ಬರಾಗಿ ಆಕೆಯ ಮುಂದೆ ತಲೆಬಾಗಿ, ಮನೆಯವರಿಗೆ ತೊಂದರೆ ಕೊಡಬಾರದು ಎಂಬ ನಡಿಗೆಯಲ್ಲಿ ಬಾಗಿಲತ್ತ ಹೋಗುತ್ತಿದ್ದರು. ಕೈ ಹಿಡಿದು ನಿಲ್ಲಿಸಿ ಬನ್ನಿ ಎನ್ನುವುದಕ್ಕೆ ಆಕೆಗೆ ಬಾಯಿ ಬರಲಿಲ್ಲ. ಅದಕ್ಕೇ ತಾನೆ ಆ ಸಾಲು ಹಾಕಿಸಲು ಹೇಳಿದ್ದು.

*

ಗಂಡ ಲಿಫ್ಟ್ ಇನ್‌ಸ್ಪೆಕ್ಟರು. "ಭಾವ ಜೀವಮಾನವೆಲ್ಲ ಲಿಫ್ಟ್ ನೋಡಿದ್ರು, ಯಾರಿಗೂ ಲಿಫ್ಟ್ ಕೊಡಲಿಲ್ಲ" ಎಂದು ಆಕೆಯ ತಮ್ಮ ಕಾಲೆಳೆಯುತ್ತಿದ್ದ. ಕೆಲಸಕ್ಕೆ ಹೋಗುವ ಮುಂಚೆ ಅವರಿಗೆ ಇನ್ನೊಂದು ಕೆಲಸ. ಜನ ಸೇರಿ ಕಟ್ಟಿ ಪುಕ್ಕಟೆ ಹಂಚುವ, ಲಿನಕ್ಸ್ ಎಂಬ ಕಂಪ್ಯೂಟರ್ ವ್ಯವಸ್ಥೆಯ ಒಂದು ಆವೃತ್ತಿಯೊಳಗೆ ಯಾವ ಹೊಸ ತಂತ್ರಾಂಶ ಸೇರಬಹುದು ಎಂದು ಪರೀಕ್ಷಿಸುವುದು. ಸಂಬಳವಿಲ್ಲ, ನಿವೃತ್ತಿಯೂ ಇಲ್ಲ. ತಂತ್ರಾಂಶ ಬರೆದು ಕಳಿಸಿದವರಿಗೆ ಅವರ ಉತ್ತರ ಸದಾ ಒಂದೇ ರಾಗದ್ದು. "ಚೆನ್ನಾಗಿದೆ. ಆದ್ರೆ." ಆ ಬಳಗದಲ್ಲಿ ಅವರ ಹೆಸರೇ ಆದ್ರೆ ಸಾರ್.

ಅಚ್ಚಿನಂಗಡಿಯವಳು ಕಳಿಸಿದ್ದು ಪುಟಾಣಿ ಎಂಬ ತಂತ್ರಾಂಶ. ಸಾದಾ ಬರಹ ಕೊಟ್ಟರೆ ಅಚ್ಚುಕಟ್ಟಾದ ಪುಟ ಮಾಡಿಕೊಡುತ್ತಿತ್ತು. ತನ್ನ ಅಂಗಡಿಯ ಪ್ರಶ್ನೆಪತ್ರಿಕೆ, ರಸೀತಿಗಳಿಗೆಂದು ಬರೆದಿದ್ದಳು. ಈಗ ಎಲ್ಲರಿಗೂ ಸಿಗಲಿ ಎಂಬ ಆಸೆ. ಇನ್‌ಸ್ಪೆಕ್ಟರು ಅದಕ್ಕೆ ಮನೆಯಲ್ಲಿದ್ದ ಕಾಗದವನ್ನೆಲ್ಲ ತಿನ್ನಿಸಿ ನೋಡಿದರು. ಒಂದು ದಿನ ಅಡುಗೆಮನೆಯ ಮೇಜಿನಿಂದಲೇ ಫೋನ್ ಮಾಡಿದರು. ಎದುರಿಗೆ ಹೆಂಡತಿ ಬಟಾಣಿ ಸುಲಿಯುತ್ತಿದ್ದರು.

"ಚೆನ್ನಾಗಿದೆಯಮ್ಮ. ಆದ್ರೆ."

"ಅದೇ ಬರತ್ತೆ ಅಂತ ಕಾಯ್ತಿದ್ದೆ ಸಾರ್."

"ಚಿಕ್ಕ ಹಾಳೆ, ದಪ್ಪ ಅಂಚು, ಮಧ್ಯೆ ದೊಡ್ಡ ಫೋಟೊ ಇದ್ರೆ ಕೊನೇ ಸಾಲು ಬಿದ್ದುಹೋಗುತ್ತೆ. ನಿನ್ನ ಪುಟಾಣಿ ಉಸಿರೇ ಎತ್ತಲ್ಲ."

"ಅಂಥ ಪುಟ ಯಾರು ಮಾಡ್ತಾರೆ ಸಾರ್? ಇಷ್ಟು ದಿನದಲ್ಲಿ ಒಬ್ರೂ ಕೇಳಿಲ್ಲ."

"ಯಾರೋ ಒಬ್ರು ಮಾಡ್ತಾರೆ. ಅವರ ಕೊನೇ ಸಾಲಲ್ಲಿ ಏನಿರುತ್ತೋ ನಮಗೇನು ಗೊತ್ತು? ಜಾಗ ಇಲ್ದಿದ್ರೆ ಇಲ್ಲ ಅಂತ ಬಾಯಿಬಿಟ್ಟು ಹೇಳ್ಬೇಕು. ನುಂಗಿಕೊಂಡು ಸುಮ್ಮನಿರಬಾರದು."

ಫೋನ್ ಇಟ್ಟ ಮೇಲೆ ಹೆಂಡತಿ ಸಿಪ್ಪೆಯ ರಾಶಿಯನ್ನು ಒಟ್ಟು ಮಾಡುತ್ತ ಅಂದರು, "ಪಾಪ, ಒಪ್ಕೋಬಾರದೇನ್ರೀ? ಹೀಗೆ ಎಲ್ಲರಿಗೂ ಬೇಡ ಬೇಡ ಅಂತಿದ್ರೆ ನಾಳೆ ನಮ್ಮ ಮನೆಗೆ ಯಾರು ಬರ್ತಾರೆ?"

"ಬೇಡ ಅಂದ್ನಾ? ಆದ್ರೆ ಅಂದೆ" ಎಂದು ಅವರು ಒಂದು ಬಟಾಣಿ ಬಾಯಿಗೆ ಹಾಕಿಕೊಂಡರು.

*

ಅಚ್ಚಿನಂಗಡಿಯವಳು ಚಿತಾಗಾರದ ಬಾಗಿಲ ಬಳಿ ಉಳಿದ ಹಾಳೆಗಳನ್ನು ಎದೆಗವಚಿಕೊಂಡು ನಿಂತಿದ್ದಳು. ತಮ್ಮ ಹೋಗಿ ಕೇಳಿದಾಗ ಹಾಳೆಯ ಬುಡ ನೋಡಿದಳು. ಮುಖದ ಬಣ್ಣ ಇಳಿದುಹೋಯಿತು.

"ಪುಟಾಣೀಲೇ ಮಾಡ್ದೆ ಅಮ್ಮ, ಅವರಿಗೋಸ್ಕರ" ಎಂದಳು ಆಕೆಯ ಹತ್ತಿರ ಬಂದು. "ಫೋಟೊ ಸರಿಯಾಗಿ ಬಂತಾ ಅಂತಷ್ಟೇ ನೋಡ್ದೆ. ಕಣ್ಣು ಕೆಳಗೆ ಹೋಗ್ಲೇ ಇಲ್ಲ. ಚಿಕ್ಕ ಹಾಳೆ, ದಪ್ಪ ಅಂಚು… ಅವರು ಹೇಳಿದ್ದೇ ಇದನ್ನ. ನಾನೇ ಹಟ ಮಾಡ್ಕೊಂಡು ಕೂತಿದ್ದೆ."

"ಹೋಗ್ಲಿ ಬಿಡಮ್ಮ. ಬರೋರು ಬರ್ತಾರೆ" ಎಂದರು ಆಕೆ. ಅನ್ನುತ್ತಲೇ ಕಣ್ಣು ಕಿಟಕಿಯ ಆಚೆ ಹೋಯಿತು. ಅಂಗಳದಲ್ಲಿ ಕಾರುಗಳ ಬಾಗಿಲು ತೆರೆದುಕೊಳ್ಳುತ್ತಿದ್ದವು.

ಪಕ್ಕದಲ್ಲಿ, ಎಲ್ಲರೂ ಗಿಣಿ ಎಂದು ಕರೆಯುತ್ತಿದ್ದವನು ಇದನ್ನೆಲ್ಲ ಕೇಳಿಸಿಕೊಂಡ. ಔಷಧಿ ಅಂಗಡಿಯವನು, ಇನ್‌ಸ್ಪೆಕ್ಟರ ಜೊತೆ ಅದೇ ಪರೀಕ್ಷೆಯ ಕೆಲಸ ಮಾಡುತ್ತಿದ್ದ. ಯಾರ ದನಿ ಬೇಕಾದರೂ ತೆಗೆಯುತ್ತಿದ್ದುದಕ್ಕೆ ಆ ಹೆಸರು. ಅವನು ಅಚ್ಚಿನಂಗಡಿಯವಳ ತೋಳು ಹಿಡಿದು ಮೆಟ್ಟಿಲವರೆಗೆ ಓಡಿಸಿಕೊಂಡು ಹೋದ. ಕೂಗಿದರೆ ಯಾರು ಕೇಳುತ್ತಾರೆ? ಎಂಜಿನ್‌ಗಳು ಗುರುಗುಡುತ್ತಿದ್ದವು. ಗಿಣಿ ಹಿಂತಿರುಗಿ, ಬಾಗಿಲವರೆಗೆ ಬಂದಿದ್ದ ಆಕೆಯ ಮುಖ ನೋಡಿದ. ಅಪ್ಪಣೆ ಕೇಳುವಂತಿತ್ತು. ಆಮೇಲೆ ಗಂಟಲು ಕೆರೆದ. ಒಂದು ಸಲ ಒಣಕಲಾಗಿ, ಇನ್ನೊಂದು ಸಲ ಒದ್ದೆಯಾಗಿ, ಥೇಟ್ ಇನ್‌ಸ್ಪೆಕ್ಟರ ಹಾಗೆಯೇ.

"ಚೆನ್ನಾಗಿತ್ತು" ಎಂದ, ಮೂಗಿನಲ್ಲಿ, ಅಂಗಳದ ಕೊನೆಗೆ ಮುಟ್ಟುವಷ್ಟು ಗಟ್ಟಿಯಾಗಿ. ತುಸು ತಡೆದ. "ಆದ್ರೆ."

ಅಂಗಳ ನಿಂತುಬಿಟ್ಟಿತು. ಹೆಲ್ಮೆಟ್ಟು ಅರ್ಧ ತಲೆಗೆ ಏರಿಸಿದವನು ಹಾಗೆಯೇ ಉಳಿದ. ಕಾರಿಗೆ ಒಂದು ಕಾಲು ಹಾಕಿದ್ದ ಹೆಂಗಸು ಕಾಲು ಹಿಂದೆಗೆದಳು. ಬಿಳಿ ಗಡ್ಡದವರೊಬ್ಬರು ಅಭ್ಯಾಸಬಲದಿಂದ "ಏನ್ ತಪ್ಪಾಯ್ತು ಸಾರ್?" ಎಂದೇಬಿಟ್ಟು, ಬಾಯಿಗೆ ಕೈ ಅಡ್ಡ ಇಟ್ಟುಕೊಂಡರು. ಶವದ ಗಾಡಿಯ ಚಾಲಕನೊಬ್ಬನನ್ನು ಬಿಟ್ಟು ಎಲ್ಲರೂ ತಿರುಗಿದ್ದರು. ಹಜಾರದ ಬಾಗಿಲಲ್ಲಿ ನಿಂತ ಆಕೆಗೆ ನಗುವೂ ಅಳುವೂ ಒಟ್ಟಿಗೆ ಬಂದು, ಸೆರಗು ಬಾಯಿಗೆ ಹೋಯಿತು. ಇವರೆಲ್ಲ ಅವರೇ. ಬೆಳಬೆಳಿಗ್ಗೆ ತನ್ನ ಅಡುಗೆಮನೆಯಿಂದ ಹೊರಟ ಆದ್ರೆಗಳು ಹೋಗಿ ಮುಟ್ಟಿದ ಜನ.

"ಕೊನೇ ಸಾಲು ಬಿದ್ದೋಗಿದೆ" ಎಂದು ಅಚ್ಚಿನಂಗಡಿಯವಳು ಕೂಗಿದಳು. ದನಿ ಒಡೆಯಿತು. "ತಪ್ಪು ನಂದು. ಆಮೇಲೆ ಎಲ್ಲರೂ ಮನೆಗೆ ಬನ್ನಿ, ಅಂತಿತ್ತು."

*

ಗೋಡೆಗೆ ಒರಗಿಸಿದ್ದ ಕುರ್ಚಿಗಳು ಮೊದಲ ಗಳಿಗೆಯಲ್ಲೇ ಮುಗಿದವು. ಮೆಟ್ಟಿಲ ಮೇಲೆ ಕೂತರು, ಕಿಟಕಿಯ ಕಟ್ಟೆಯ ಮೇಲೆ ಕೂತರು. ಕಪ್ಪು ಸಾಲದೆ, ಆಕೆಯ ತಮ್ಮ ಲೋಟ, ಬಟ್ಟಲು, ಕೊನೆಗೆ ಉಪ್ಪಿನ ಭರಣಿಯ ಮುಚ್ಚಳದವರೆಗೆ ಹೋದ. "ನಾನು ಕಳಿಸಿದ್ದನ್ನ ಒಂಬತ್ತು ತಿಂಗಳು ಒಪ್ದೇ ಇಟ್ಕೊಂಡಿದ್ರು" ಎಂದು ಒಬ್ಬ ಶುರುಮಾಡಿದರೆ, "ಒಂಬತ್ತಕ್ಕೆ ಹೆರಿಗೆ ಆಯ್ತಲ್ಲ, ಪುಣ್ಯವಂತ" ಎಂದು ಇನ್ನೊಬ್ಬ.

ಅಚ್ಚಿನಂಗಡಿಯವಳು ಅಡುಗೆಮನೆಯ ಮೇಜಿನ ಒಂದು ಮೂಲೆಯಲ್ಲಿ ಲ್ಯಾಪ್‌ಟಾಪ್ ತೆರೆದು, ಯಾರ ಮಾತಿಗೂ ತಲೆಯೆತ್ತದೆ ಪುಟಾಣಿಯನ್ನು ತಿದ್ದುತ್ತ ಕೀಲಿ ಬಡಿಯುತ್ತಿದ್ದಳು. ಕಪ್ಪಿನಲ್ಲಿದ್ದದ್ದು ಆರಿ ಕೆನೆಗಟ್ಟಿತು. ಕಡೆಗೆ ಅದೇ ಹಾಳೆಯನ್ನು, ಅದೇ ಫೋಟೊ, ಅದೇ ಅಂಚು ಇಟ್ಟು ಮತ್ತೆ ಪುಟಾಣಿಗೆ ಕೊಟ್ಟಳು. ಅದು ಪುಟ ಮಾಡಲಿಲ್ಲ.

"ಅಮ್ಮ, ಸ್ವಲ್ಪ ಇಲ್ಲಿ ನೋಡಿ."

ಆಕೆ ಕೈ ಒರೆಸಿಕೊಂಡು ಬಗ್ಗಿದರು. ಅವರ ಹೆಗಲ ಮೇಲಿಂದ ಗಿಣಿಯೂ ಇಣುಕಿದ. ಗಂಟಲು ಕೆರೆಯಲು ಹೋದವನು ಬಿಟ್ಟು, ತನ್ನದೇ ದನಿಯಲ್ಲಿ, "ಚೆನ್ನಾಗಿದೆ" ಎಂದ. ಸುತ್ತ ನಿಂತವರು ಮುಂದಿನ ಮಾತಿಗೆ ಒಂದು ಕ್ಷಣ ಕಾದರು. ಬರಲಿಲ್ಲ.

ತೆರೆಯ ಮೇಲೆ ಕೆಂಪಕ್ಷರದಲ್ಲಿ ಇತ್ತು: "ನಿಲ್ಲಿಸಲಾಗಿದೆ. ಈ ಸಾಲಿಗೆ ಜಾಗವಿಲ್ಲ: ಆಮೇಲೆ ಎಲ್ಲರೂ ಮನೆಗೆ ಬನ್ನಿ."

ಆಕೆ ಅದನ್ನು ತುಟಿಯಲ್ಲೇ ಓದಿಕೊಂಡರು. ಅಡುಗೆಮನೆಯ ಬಾಗಿಲಲ್ಲಿ ಈಗಷ್ಟೇ ಬಂದ ಇನ್ನಿಬ್ಬರು, ಎಲ್ಲಿ ಕೂರುವುದೆಂದು ತಿಳಿಯದೆ ನಿಂತಿದ್ದರು. ಮೇಜಿನ ಆ ತುದಿಯಲ್ಲಿ ಗಂಡನ ಕುರ್ಚಿಯೊಂದು ಮಾತ್ರ ಬೆಳಿಗ್ಗೆಯಿಂದ ಹಾಗೆಯೇ ಇತ್ತು, ಯಾರೂ ಮುಟ್ಟಿರಲಿಲ್ಲ. ಆಕೆ ಅದರ ಮೇಲಿದ್ದ ಕನ್ನಡಕವನ್ನು ಎತ್ತಿಕೊಂಡು, ಕುರ್ಚಿಯನ್ನು ಬಾಗಿಲ ಕಡೆಗೆ ಸರಿಸಿದರು.