ತಟ್ಟಿದರೆ ಬಿಡಬೇಕು

ಟೀಚರು ಕುತ್ತಿಗೆಗೆ ಸುತ್ತಿದ ಶಾಲು ಜಾರದಂತೆ ಇನ್ನೊಂದು ಪಿನ್ನು ಚುಚ್ಚಿಕೊಳ್ಳುತ್ತಿದ್ದಾಗಲೇ ಬಾಗಿಲಲ್ಲಿ ತಾಯಿ ಮಗಳು ಬಂದು ನಿಂತರು. ತಾಯಿ ನರ್ಸು, ಪಾಳಿ ಮುಗಿಸಿ ಸೀದಾ ಬಂದವಳು, ಮೇಲಂಗಿಯ ಜೇಬಿನಲ್ಲಿ ಇನ್ನೂ ಥರ್ಮಾಮೀಟರು ಇಣುಕುತ್ತಿತ್ತು. ಮಗಳಿಗೆ ಹದಿನೆಂಟೋ ಹತ್ತೊಂಬತ್ತೋ. ಬರುವ ವಾರದಿಂದ ಊರಾಚೆಯ ಗೋದಾಮಿನಲ್ಲಿ ಕೆಲಸ, ಬಸ್ಸಿಳಿದ ಮೇಲೆ ಅರ್ಧ ಮೈಲಿ ಕಾಂಪೌಂಡಿನ ಗೋಡೆಗುಂಟ ಒಬ್ಬಳೇ ನಡೆಯಬೇಕು ಎಂದು ತಾಯಿ ಹೇಳಿದಳು. ರೋಗಿಯ ಜ್ವರ ಎಷ್ಟಿದೆಯೆಂದು ಹೇಳುವ ದನಿಯಲ್ಲೇ ಹೇಳಿದಳು.

ತರಬೇತಿ ಹಾಲ್‌ನ ನಡುವೆ ಒಂದು ದಪ್ಪ ಪರದೆ. ಈ ಕಡೆ ಟೀಚರ ಜೂಡೋ, ಆ ಕಡೆ ಬಾಕ್ಸಿಂಗು. ಬಾಕ್ಸಿಂಗಿನವನನ್ನು ಹುಡುಗಿಯರೆಲ್ಲ ಗುದ್ದು ಮಾಸ್ತರು ಅನ್ನುತ್ತಿದ್ದರು. ಹನ್ನೊಂದು ವರ್ಷದಿಂದ ಇಬ್ಬರಿಗೂ ಅದೇ ವಾದ. ಕೈಗೆ ಸಿಗುವ ಮುಂಚೆಯೇ ಮೂಗು ಒಡೆಯಬೇಕು ಎಂದು ಅವನು. ಮೂಗು ಒಡೆಸಿಕೊಂಡವನು ಬಂದು ತಬ್ಬಿಬಿಟ್ಟರೆ ನಿನ್ನ ಗವಸನ್ನು ಎಲ್ಲಿಟ್ಟುಕೊಳ್ಳುತ್ತೀಯ ಎಂದು ಇವಳು. ಕರಾಟೆಯವರು ಗಾಳಿಯನ್ನು ಒದೆಯುತ್ತಾರೆ ಎಂಬುದೊಂದರಲ್ಲಿ ಮಾತ್ರ ಇಬ್ಬರದೂ ಒಂದೇ ಮಾತು.

"ಪದಕ ಗಿದಕ ಬೇಡ ಟೀಚರ್," ಎಂದಳು ನರ್ಸು. "ಇವಳು ಮನೆಗೆ ಬಂದ್ರೆ ಸಾಕು. ಯಾವ್ದು ಕಲಿಸ್ಲಿ, ನೀವೇ ಹೇಳಿ. ನಿಮ್ದೋ, ಆ ಕಡೆಯವ್ರದ್ದೋ?"

ಪರದೆ ಸರಿಸಿ ಗುದ್ದು ಮಾಸ್ತರು ತಲೆ ತೂರಿಸಿದ. "ನಿಮ್ಮ ಟೀಚರ್ ಮೊದ್ಲು ಕಳ್ಳನ ಕಾಲರ್ ನೋಡ್ತಾರಮ್ಮ, ಹಿಡ್ಕೊಳ್ಳೋಕೆ. ಬನಿಯನ್ನಲ್ಲಿ ಬಂದ್ರೆ ಷರ್ಟ್ ಹಾಕ್ಕೊಂಡು ಬಾ ಅಂತ ವಾಪಸ್ ಕಳಿಸ್ತಾರೆ."

ಹುಡುಗಿ ನಕ್ಕಳು. ಟೀಚರು ತಿರುಗಿ ಏನಾದರೂ ಅನ್ನುತ್ತಾಳೆಂದು ಅವನು ಕಾದ. ಏನೂ ಬರದಿದ್ದಾಗ ಪೆಚ್ಚಾಗಿ ಪರದೆ ಬಿಟ್ಟ.

ನರ್ಸಿನ ಪ್ರಶ್ನೆಗೆ ಟೀಚರ ಬಳಿ ಇಪ್ಪತ್ತೆರಡು ವರ್ಷದ ಉತ್ತರವಿತ್ತು. ಹಿಂದಿನಿಂದ ಕುತ್ತಿಗೆ ಹಿಡಿದವನಿಂದ ಬಿಡಿಸಿಕೊಳ್ಳಲು ಏಳು ಬಗೆ ಎಂದು ಶುರುಮಾಡುತ್ತಿದ್ದಳು. ಹೋದ ವಾರ, ಅಂಗಡಿ ಕಟ್ಟಡವೊಂದರ ನೆಲಮಾಳಿಗೆಯ ಪಾರ್ಕಿಂಗಿಗೆ ಇಳಿಯುವ ಮೆಟ್ಟಿಲಲ್ಲಿ, ಮಟಮಟ ಮಧ್ಯಾಹ್ನ, ಒಂದು ತೋಳು ಹಿಂದಿನಿಂದ ಬಂದು ಅವಳ ಕುತ್ತಿಗೆಯನ್ನು ಬಳಸಿತ್ತು. ಏಳರಲ್ಲಿ ಒಂದೂ ನೆನಪಾಗಲಿಲ್ಲ. ಅವಳ ಬಲ ಅಂಗೈ ತಾನಾಗಿಯೇ ಮೇಲೆದ್ದು ಆ ತೋಳಿನ ಮೇಲೆ ಎರಡು ಸಲ ತಟ್ಟಿತು. ಮ್ಯಾಟಿನ ಮೇಲೆ ಹಾಗೆ ತಟ್ಟಿದರೆ 'ಸಾಕು, ಬಿಡು' ಎಂದರ್ಥ. ಎಂಥ ಜಗಳಗಂಟಿಯೂ ಆ ಕ್ಷಣ ಬಿಡುತ್ತಾಳೆ. ಆ ತೋಳಿಗೆ ಅದು ಗೊತ್ತಿರಲಿಲ್ಲ. ಯಾರದೋ ಕಾರು ಒಳಗೆ ಬಂದು ದೀಪದ ಬೆಳಕು ಬಿದ್ದದ್ದರಿಂದ ಅವನು ಬ್ಯಾಗು ಕಿತ್ತುಕೊಂಡು ಓಡಿದ. ಬಸ್ಸಿನಲ್ಲಿ ಬ್ಯಾಗು ಮರೆತೆನೆಂದು ಮನೆಯಲ್ಲಿ ಹೇಳಿದಳು, ಗಂಟಲುನೋವೆಂದು ಇಲ್ಲಿ. ಹೆದರಿದ್ದಕ್ಕೆ ಅವಳಿಗೆ ನಾಚಿಕೆಯಿರಲಿಲ್ಲ. ತಟ್ಟಿದ ಮೇಲೆ, ಅವನು ಬಿಡುತ್ತಾನೆಂದು ಕಾದಿದ್ದಳಲ್ಲ, ಅದೊಂದು ಮರೆಯಲಾಗುತ್ತಿರಲಿಲ್ಲ.

"ಬಾ ಇಲ್ಲಿ," ಎಂದು ಹುಡುಗಿಯನ್ನು ಕರೆದಳು.

ಹುಡುಗಿ ಚಪ್ಪಲಿ ಬಿಟ್ಟು ಮ್ಯಾಟಿಗೆ ಬಂದಳು. ಟೀಚರು ಹಿಂದೆ ನಿಂತು ತೋಳನ್ನು ಅವಳ ಕುತ್ತಿಗೆಗೆ ಬಳಸಿದಳು. ಮೊದಲು ಸಡಿಲವಾಗಿ, ಆಮೇಲೆ ಸ್ವಲ್ಪ ಬಿಗಿಯಾಗಿ. ಮ್ಯಾಟಿನ ಮೇಲೆ ಜೋಡಿಜೋಡಿಯಾಗಿ ಹೊರಳಾಡುತ್ತಿದ್ದವರು ತಟ್ಟುವುದನ್ನು ಹುಡುಗಿ ಆಗಲೇ ನೋಡಿದ್ದಳು. ನಗುತ್ತ ಎರಡು ಸಲ ತಟ್ಟಿದಳು.

ತೋಳು ಸಡಿಲವಾಗಲಿಲ್ಲ.

"ತಟ್ಟಿದೆ ಟೀಚರ್."

"ಗೊತ್ತು."

ಹುಡುಗಿ ಮತ್ತೆ ತಟ್ಟಿದಳು, ಈ ಸಲ ಜೋರಾಗಿ. ನಗು ಎಲ್ಲೋ ಹೋಯಿತು. ಕಾಲು ಕೊಸರಿದಳು, ಉಗುರು ನಾಟಿಸಿದಳು, ಕೈಗೆ ಸಿಕ್ಕಿದ ಶಾಲನ್ನು ಹಿಡಿದು ಜಗ್ಗಿದಳು. ಮ್ಯಾಟಿನ ಮೇಲಿದ್ದವರು ಒಬ್ಬೊಬ್ಬರಾಗಿ ನಿಂತುಬಿಟ್ಟರು. ಆಗ ಟೀಚರು ಬಿಟ್ಟಳು. ನಾಲ್ಕು ಉಸಿರಿನಷ್ಟೂ ಹೊತ್ತಾಗಿರಲಿಲ್ಲ.

"ತಟ್ಟಿದ್ರೆ ಬಿಡ್ಬೇಕಲ್ವಾ?" ಹುಡುಗಿ ಕೆಮ್ಮುತ್ತ ಕೇಳಿದಳು. ಕಣ್ಣಲ್ಲಿ ನೀರಿತ್ತು.

"ಇಲ್ಲಿ ಬಿಡ್ತಾರೆ," ಎಂದಳು ಟೀಚರು.

ಅಷ್ಟರಲ್ಲಿ ನರ್ಸು ಚಪ್ಪಲಿಗಾಲಲ್ಲೇ ಮ್ಯಾಟು ತುಳಿದು ಬಂದಿದ್ದಳು. ಹಾಗೆ ಯಾರೂ ಬರುತ್ತಿರಲಿಲ್ಲ. ಯಾರೂ ಬೇಡವೆನ್ನಲೂ ಇಲ್ಲ. ಬೈಯಲು ಬಾಯಿ ತೆರೆದವಳು ಹಾಗೇ ನಿಂತಳು. ಪಿನ್ನು ಕಿತ್ತು ಶಾಲು ಹೆಗಲಿಗೆ ಜಾರಿತ್ತು. ನರ್ಸು ಎರಡು ಬೆರಳಿನಿಂದ ಟೀಚರ ಗದ್ದವೆತ್ತಿ ಮುಖವನ್ನು ಕಿಟಕಿಯ ಬೆಳಕಿಗೆ ತಿರುಗಿಸಿದಳು. ದವಡೆಯ ಕೆಳಗೆ ಕೈಗಡಿಯಾರದ ಪಟ್ಟಿಯಷ್ಟೇ ಅಗಲಕ್ಕೆ ಕಂದುಗಟ್ಟಿದ ಗುರುತು, ಅಂಚಿನಲ್ಲಿ ಹಸಿರಿಗೆ ತಿರುಗಿತ್ತು.

"ಆರು ದಿನ?"

"ಏಳು."

ಮಗಳಿಗೆ ಕೇಳದಷ್ಟು ಮೆಲ್ಲಗೆ ನರ್ಸು ಕೇಳಿದಳು, "ತಟ್ಟಿದ್ರಾ?"

ಟೀಚರು ಹೌದೆಂದು ತಲೆಯಾಡಿಸಿದಳು.

ನರ್ಸು ಮ್ಯಾಟಿನ ಮೇಲೆ ಬಿದ್ದಿದ್ದ ಪಿನ್ನು ಹುಡುಕಿ ತುಟಿಯಲ್ಲಿ ಕಚ್ಚಿಕೊಂಡಳು. ಶಾಲನ್ನು ಸರಿಯಾಗಿ ಸುತ್ತಿ, ಗುರುತಿಗೆ ತಾಗದ ಹಾಗೆ ಚುಚ್ಚಿದಳು. ಹಾಗಾದರೆ ಯಾವುದಕ್ಕೆ ಸೇರುವುದು ಎಂದು ಮಗಳು ಕೇಳಿದ್ದು ಇಬ್ಬರಿಗೂ ಕೇಳಿಸಿತು. ಪರದೆಯಾಚೆ ಮೂಟೆಗೆ ಗುದ್ದು ಬೀಳುತ್ತಿತ್ತು.

ಮ್ಯಾಟಿನ ಹುಡುಗಿಯರು ಮತ್ತೆ ಜೋಡಿ ಕಟ್ಟಿದರು. ಹುಡುಗಿ ಒಂದು ಕೈಯಲ್ಲಿ ಚಪ್ಪಲಿ ಹಿಡಿದು, ಇನ್ನೊಂದರಲ್ಲಿ ಕುತ್ತಿಗೆ ಸವರಿಕೊಳ್ಳುತ್ತ ಗೋಡೆಗೆ ಒರಗಿ ನೋಡತೊಡಗಿದಳು. ಅಲ್ಲೊಮ್ಮೆ ಇಲ್ಲೊಮ್ಮೆ ಅಂಗೈ ಎರಡು ಸಲ ತಟ್ಟುವ ಸದ್ದು. ತಟ್ಟಿದೊಡನೆ, ಹಿಡಿದ ಕೈ ಬಿಡುತ್ತಿತ್ತು.