ಹಗಲು ಉರಿಯುವ ದೀಪ

ಬೀಗ ಹಾಕಿದ್ದ ಮೂರು ಮನೆಗಳಲ್ಲಿ ಕಳವಾದ ಮೇಲೆ ನಮ್ಮ ಬೀದಿಯವರ ಕಣ್ಣೆಲ್ಲ ಮೂಲೆಯಲ್ಲಿ ಕೂತು ಕೀಲಿಕೈ ಮಾಡುವವನ ಮೇಲೆ ಬಿತ್ತು. ಪೊಲೀಸರ ಜೊತೆ ಸೇರಿ ಬೀದಿಗೊಂದು ಕಾವಲು ಪಡೆ ಕಟ್ಟಿದ್ದ ನಮ್ಮ ಭಾವ ಒಂದು ಮಧ್ಯಾಹ್ನ ಅವನನ್ನೂ ದಫೇದಾರರನ್ನೂ ನನ್ನ ಹೊಲಿಗೆ ಅಂಗಡಿಗೆ ಕರೆತಂದರು.

"ಯಾರು ಊರಲ್ಲಿಲ್ಲ ಅನ್ನೋದು ನಮ್ಮ ಪಡೆಗೆ ಬಿಟ್ರೆ ಯಾರಿಗೂ ಗೊತ್ತಿಲ್ಲ ಸಾರ್. ನಾವು ಮೂಲೇಲಿ ನಿಂತು ಮಾತಾಡೋವಾಗ ಇವನು ಅಲ್ಲೇ ಕಿವಿ ನೆಟ್ಟಗೆ ಮಾಡ್ಕೊಂಡು ಕೂತಿರ್ತಾನೆ," ಎಂದರು ಭಾವ.

"ಕಿವಿಯಿಂದ ಬೀಗ ತೆಗೆಯೋಕಾಗುತ್ತಾ ಅಣ್ಣಾ? ಆ ಜಾಗ ಹೋದ್ರೆ ನನ್ನ ಹೊಟ್ಟೆಪಾಡೇ ಹೋಯ್ತು," ಎಂದ ಕೀಲಿಯವನು.

ದಫೇದಾರರು ನಗಲಿಲ್ಲ. "ನಾಳೆಯಿಂದ ಆ ಮೂಲೇಲಿ ಕೂರಬೇಡ," ಎಂದರು.

ನಾನು ಸೂಜಿಗೆ ದಾರ ಪೋಣಿಸಲು ಕಿಟಕಿಯತ್ತ ತಿರುಗಿದೆ. ಸುಡುವ ಬಿಸಿಲಲ್ಲಿ ಎದುರಿನ ಟೀಚರ ಮನೆಯ ಜಗಲಿ ದೀಪ ಉರಿಯುತ್ತಿತ್ತು.

"ಟೀಚರು ಊರಲ್ಲಿಲ್ವಾ ಭಾವ?"

ಭಾವ ಹುಬ್ಬು ಗಂಟಿಕ್ಕಿದರು. "ನಿಂಗ್ಯಾರು ಹೇಳಿದ್ರು?"

"ಆ ದೀಪ. ಊರಿಗೆ ಹೋಗೋರು ಜಗಲಿ ದೀಪ ಹಾಕಿಟ್ಟು ಹೋಗಿ ಅಂತ ನೀವೇ ಮನೆಮನೆಗೆ ಹೇಳಿದ್ರಲ್ಲ. ಕಳವಾದ ಆ ಮೂರು ಮನೆಯಲ್ಲೂ ಹೀಗೇ ಉರೀತಿತ್ತು. ರಾತ್ರಿಗೇನೋ ಸರಿ. ಹಗಲು ಆರಿಸೋರು ಯಾರು?"

ದಫೇದಾರರು ಕಿಟಕಿಗೆ ಬಂದು ನೋಡಿದರು, ಆಮೇಲೆ ಭಾವನನ್ನು ನೋಡಿದರು. "ಕಳ್ಳನಿಗೆ ನಾವೇ ಮನೆ ತೋರಿಸಿದ ಹಾಗಾಯ್ತಲ್ರೀ. ಹೋಗಪ್ಪ, ನಿನ್ನ ಜಾಗದಲ್ಲಿ ಕೂತ್ಕೋ."

ಕೀಲಿಯವನು ಈಗಲೂ ಅಲ್ಲೇ ಕೂರುತ್ತಾನೆ. ಆದರೆ ಭಾವ ಯಾವುದಾದರೂ ಬೀಗ ತಂದರೆ ಸಾಕು, ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ನಿಮ್ಮ ಮನೇದೇ ತಾನೇ ಅಣ್ಣಾ?" ಎಂದು ಕೇಳುತ್ತಾನೆ.